ಡಿಶ್ ಉಳಿಯುತ್ತೆ, ಬಾಕ್ಸ್ ಉಳಿಯಲ್ಲ

ಮೈಸೂರು, ಮಂಡ್ಯದಲ್ಲಿ ಡಿಶ್ ಫಿಟಿಂಗ್ ಮಾಡುವವರಿಗೆ ಡಿಟಿಎಚ್ ಕಂಪನಿ ಬದಲಿಸುವ ಕಸ್ಟಮರ್ ಕೇಳೋದು ಒಂದೇ ಪ್ರಶ್ನೆ: 'ಹಳೇ ಸಾಮಾನಲ್ಲೇ ಆಗುತ್ತಾ?' ಅರ್ಧ ಆಗುತ್ತೆ.

ಮಾಳಿಗೆ ಮೇಲಿರೋದಕ್ಕೆ ತೊಂದರೆ ಇಲ್ಲ. 60 ಸೆಂ.ಮೀ. ಡಿಶ್ಶು, ಆರ್‌ಜಿ-6 ಕೇಬಲ್ಲು ಯಾರದಾದರೂ ಸರಿ. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಮೇಲೆ 9750/10600 ಅಂತ ಇದ್ದರೆ ಅದೂ ಸರಿ. ದಿಕ್ಕು ಮಾತ್ರ ಬದಲಿಸಬೇಕು. ಟಾಟಾ ಪ್ಲೇ ಬಿಟ್ಟು ಡಿಡಿ ಫ್ರೀ ಡಿಶ್‌ಗೆ ಬಂದರೆ ಉಪಗ್ರಹ 83 ಡಿಗ್ರಿ ಪೂರ್ವದಿಂದ 93.5ಕ್ಕೆ ಹೋಗುತ್ತೆ. ಮೈಸೂರಿನಲ್ಲಿ ಕಂಪಾಸ್ 152ರಿಂದ 125ಕ್ಕೆ, ಎತ್ತರದ ಕೋನ 74ರಿಂದ 66ಕ್ಕೆ. ಮಂಡ್ಯಕ್ಕೆ ಹೆಚ್ಚೆಂದರೆ ಒಂದೆರಡು ಡಿಗ್ರಿ ವ್ಯತ್ಯಾಸ. ಸಿಗ್ನಲ್ ಸ್ಟ್ರೆಂತ್ ಇದ್ದೂ ಕ್ವಾಲಿಟಿ ಏರದಿದ್ದರೆ ಎಲ್‌ಎನ್‌ಬಿಯನ್ನೂ ಹೋಲ್ಡರ್‌ನಲ್ಲಿ ನಿಧಾನಕ್ಕೆ ತಿರುಗಿಸಿ ನೋಡಿ.

ಬೀಗ ಇರೋದು ಬಾಕ್ಸ್ ಒಳಗೆ. ಪ್ರಸಾರದ ಪದ್ಧತಿ ಎಲ್ಲರದೂ ಡಿವಿಬಿ ಅನ್ನೋ ಒಂದೇ ಮಾನದಂಡ, ಆದರೆ ಹಣ ಕಟ್ಟಿದವರಿಗೆ ಚಾನೆಲ್ ಬಿಡಿಸುವ ಕಂಡಿಷನಲ್ ಆಕ್ಸೆಸ್ ಬೀಗ ಕಂಪನಿಗೊಂದು ಥರ. ಆ ಬೀಗ ತೆರೆಯುವ ಸ್ಮಾರ್ಟ್ ಕಾರ್ಡನ್ನು ಬಾಕ್ಸ್‌ಗೆ ಪೇರ್ ಮಾಡಿರ್ತಾರೆ, ಬೇರೆಯದಕ್ಕೆ ಹಾಕಿದರೆ ಓಡಲ್ಲ. ಸಾಫ್ಟ್‌ವೇರೂ ಸಾಮಾನ್ಯವಾಗಿ ತನ್ನ ಕಂಪನಿಯ ನೆಟ್‌ವರ್ಕನ್ನೇ ಹುಡುಕುತ್ತೆ. ಕಾರ್ಡೇ ಬೇಡದ ಚಾನೆಲ್ಲೂ ಸಿಗಲ್ಲ.

ಕಾಗದದಲ್ಲಿ ಹೀಗಿಲ್ಲ. ಬೇರೆ ಬೇರೆ ಕಂಪನಿಗೂ ಹೊಂದುವ ಓಪನ್ ಆರ್ಕಿಟೆಕ್ಚರ್ ಬಾಕ್ಸ್ ಬೇಕು ಅಂತ ಡಿಟಿಎಚ್ ಲೈಸೆನ್ಸ್‌ನಲ್ಲೇ ಇದೆ. ಮಾನದಂಡ ರೂಪಿಸುವ ಬಿಐಎಸ್‌ನ ಐಎಸ್ 15377 (2003) ಕಾಮನ್ ಇಂಟರ್‌ಫೇಸ್ ಸ್ಲಾಟ್ ಕೇಳಿತು, ಅಂದರೆ ಬೇರೆ ಕಂಪನಿಯ ಬೀಗ ತೆರೆಯುವ ಮಾಡ್ಯೂಲ್ ಹಾಕೋ ಜಾಗ. ಆದರೆ ಸ್ಲಾಟಿಗೆ ಹಾಕುವ ಮಾಡ್ಯೂಲ್ ಬೆಲೆ ಹೊಸ ಬಾಕ್ಸಿನ ಹತ್ತಿರ ಬಂದಾಗ ಯಾರು ತಗೋತಾರೆ? ಸಾಲದ್ದಕ್ಕೆ ಆ ಮಾನದಂಡ ವಿಡಿಯೋ ಕುಗ್ಗಿಸುವ ಹಳೇ ವಿಧಾನ ಎಂಪೆಗ್-2ರದು. ಆಮೇಲೆ ಬಂದ ಕಂಪನಿಗಳು ಎಂಪೆಗ್-4ಗೆ ಹೋದವು. 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಯುಎಸ್‌ಬಿ ಮೂಲಕ ಕಾಮನ್ ಇಂಟರ್‌ಫೇಸ್ ಕೊಡಿ ಅಂತ ಶಿಫಾರಸು ಮಾಡಿತು. ಸ್ಲಾಟ್ ಕೊಡಿ ಅಂದರೆ ಸಾಲದು, ಮಾಡ್ಯೂಲ್ ಬೆಲೆಯನ್ನೂ ನೋಡಬೇಕಿತ್ತು ಅನ್ನೋದು ನನ್ನ ಲೆಕ್ಕ.

ಹೊಸ ಟಿವಿ ಕೊಳ್ಳುವವರಿಗೆ ದಾರಿ ಇದೆ. ಉಪಗ್ರಹ ಟ್ಯೂನರ್ ಒಳಗೇ ಇರುವ ಟಿವಿಗೆ ಬಿಐಎಸ್ ಮಾನದಂಡ ಐಎಸ್ 18112:2022 ಬಂದಿದೆ. ಫ್ರೀ ಡಿಶ್‌ಗೆ ಬೇರೆ ಬಾಕ್ಸ್ ಬೇಡ. ಹಿಂಭಾಗದಲ್ಲಿ ಏರಿಯಲ್ ಸಾಕೆಟ್ ಮಾತ್ರ ಇದ್ದರೆ ಅದಲ್ಲ. ಎಫ್ ಕನೆಕ್ಟರ್ ತಿರುಗಿಸಿ ಕೂರಿಸುವ ಥ್ರೆಡ್ ಸಾಕೆಟ್ ಇರಬೇಕು, ಸ್ಪೆಕ್‌ನಲ್ಲಿ ಡಿವಿಬಿ-ಎಸ್2 (ಡಿವಿಬಿಯ ಉಪಗ್ರಹ ರೂಪ) ಇರಬೇಕು. ಕೇಬಲ್ ಹಾಕಿಯೂ ಸಿಗ್ನಲ್ ಸೊನ್ನೆ ಇದ್ದರೆ ಡಿಶ್ ಮುಟ್ಟೋ ಮೊದಲು ಟಿವಿ ಮೆನುವಿನಲ್ಲಿ ಎಲ್‌ಎನ್‌ಬಿ ಪವರ್ ಆನ್ ಇದೆಯಾ ನೋಡಿ.