ಸಹಿ ಒಂದು, ರಸೀದಿ ಅರವತ್ತನಾಲ್ಕು

ಮೊದಲ ಭಾನುವಾರ

ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ನಾನು ಖಜಾಂಚಿಯಾಗಿ ಎರಡು ವರ್ಷವಾಯಿತು. ದಾವಣಗೆರೆಯ ಈ ಮೂಲೆಯಲ್ಲಿ 64 ಮನೆಗಳಿವೆ. ಕೊಳವೆಬಾವಿಯ ಕರೆಂಟು ಬಿಲ್ಲು, ಮಾಲಿ ಮತ್ತು ಕಾವಲುಗಾರನ ಸಂಬಳ ಎಲ್ಲ ಸೇರಿ ಮನೆಗೆ ತಿಂಗಳಿಗೆ 300 ರೂಪಾಯಿ. ಹಣವೇನೋ ಮೊಬೈಲಿನಲ್ಲೇ ಬರುತ್ತದೆ. ರಸೀದಿಯ ಕಥೆ ಬೇರೆ. ಮುದ್ರಿಸಬೇಕು, ಸಹಿ ಹಾಕಬೇಕು, ಜಯದೇವ ವೃತ್ತದ ಕಡೆಯ ಜೆರಾಕ್ಸ್ ಅಂಗಡಿಗೆ ಹೋಗಿ ಸ್ಕ್ಯಾನ್ ಮಾಡಿಸಬೇಕು, ಮತ್ತೆ ಅದೇ ಕಂಪ್ಯೂಟರಿಗೆ ತಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕು. ಕಾಗದಕ್ಕೆ ಊರು ಸುತ್ತಿಸಿದ್ದು ಸಾಕು, ಒಮ್ಮೆ ಚೆನ್ನಾಗಿ ಮಾಡಿಟ್ಟ ಸಹಿಯನ್ನು ಎಲ್ಲ ಕಡೆಗೂ ಬಳಸಿಕೊಳ್ಳೋಣ ಎಂದು ಇವತ್ತು ಕುಳಿತೆ.

ಮೊದಲು ಪೆನ್ನಿನ ಆಯ್ಕೆ. ಬಾಲ್ ಪೆನ್ನಿನ ಗೆರೆ ನಡುನಡುವೆ ಕಡಿಯುತ್ತದೆ. ಶಾಯಿ ಪೆನ್ನು ಈಗಿನ ಎ4 ಹಾಳೆಯಲ್ಲಿ ಹರಡುತ್ತದೆ. ಕಪ್ಪು ಜೆಲ್ ಪೆನ್ನು ಒಪ್ಪಿಗೆಯಾಯಿತು. ಒಂದು ಹಾಳೆಯ ತುಂಬ ಇಪ್ಪತ್ತು ಸಹಿ ಹಾಕಿದೆ. ಎಲ್ಲವೂ ಶಾಲೆಯ ಕಾಪಿ ಪುಸ್ತಕದ ಅಕ್ಷರಗಳಂತೆ ಬಿಗಿದುಕೊಂಡು ನಿಂತಿದ್ದವು. ಹದಿನೇಳನೆಯದನ್ನು ಬರೆಯುವಾಗ ಫೋನು ಬಂತು, ಗಮನ ಅತ್ತ ಹೋಯಿತು, ಕೈ ತನ್ನ ಪಾಡಿಗೆ ತಾನು ಬರೆಯಿತು. ನನ್ನ ನಿಜವಾದ ಸಹಿ ಅದೊಂದೇ.

ಎರಡನೆಯ ಭಾನುವಾರ

ಮಾಳಿಗೆಯ ಮೇಲೆ ಬೆಳಗಿನ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ಫೋಟೊದಲ್ಲಿ ಅರ್ಧ ಸಹಿಯ ಮೇಲೆ ನನ್ನದೇ ಕೈಯ ನೆರಳು. ಕೊನೆಗೆ ಅದೇ ಜೆರಾಕ್ಸ್ ಅಂಗಡಿಯಲ್ಲಿ 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡಿಸಿದೆ. ಅಂಗಡಿಯ ಹುಡುಗ ಜೆಪೆಗ್ ಕೊಟ್ಟ. ಜೆಪೆಗ್‌ನಲ್ಲಿ ಪಾರದರ್ಶಕತೆಗೆ ಜಾಗವಿಲ್ಲ, ಆದ್ದರಿಂದ ರಸೀದಿಯ ಗೆರೆಯ ಮೇಲೆ ಇಟ್ಟರೆ ಸಹಿಯ ಸುತ್ತ ಬಿಳಿ ತೇಪೆ ಕಾಣುತ್ತದೆ. ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ತೆರೆದು, ಮೊದಲು ಲೆವೆಲ್ಸ್‌ನಲ್ಲಿ ಕಾಗದದ ಬೂದು ಛಾಯೆಯನ್ನು ಬಿಳಿಗೆ ತಳ್ಳಿ, ಆಮೇಲೆ 'ಕಲರ್ ಟು ಆಲ್ಫಾ'ದಿಂದ ಬಿಳಿಯನ್ನು ಪೂರ್ತಿ ತೆಗೆದು, ಪಿಎನ್‌ಜಿಯಾಗಿ ಉಳಿಸಿದೆ. ಲೆವೆಲ್ಸ್ ಬಿಟ್ಟು ನೇರವಾಗಿ ಎರಡನೆಯದಕ್ಕೆ ಹೋದರೆ ಸಹಿಯ ಸುತ್ತ ಧೂಳಿನಂತೆ ಚುಕ್ಕೆಗಳು ಉಳಿಯುತ್ತವೆ. ಇದನ್ನು ಮೂರು ಸಲ ಕೆಡಿಸಿಕೊಂಡ ಮೇಲೆ ಕಲಿತೆ.

ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು, ಆದರೆ ದೊಡ್ಡದು ಮಾಡಿದಾಗ ಅಂಚು ಗರಗಸದಂತೆ ಕಂಡಿತು. ಇಂಕ್‌ಸ್ಕೇಪ್ ಎಂಬ ತಂತ್ರಾಂಶದ 'ಟ್ರೇಸ್ ಬಿಟ್‌ಮ್ಯಾಪ್' ಬಳಸಿ ಅದನ್ನು ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದ ಗೆರೆಚಿತ್ರವನ್ನಾಗಿ ಮಾಡಿದೆ. ಪೀಟರ್ ಸೆಲಿಂಗರ್ ಬರೆದ ಪೋಟ್ರೇಸ್ ಎಂಬ ತಂತ್ರಾಂಶವೇ ಒಳಗಡೆ ಕೆಲಸ ಮಾಡುವುದು. ಅದು ಕಪ್ಪು ಬಿಳುಪಿನ ಗಡಿಯನ್ನು ಹಿಡಿದು ವಕ್ರರೇಖೆ ಎಳೆಯುತ್ತದೆ. ಇಲ್ಲಿ ನಮ್ಮ ಲಿಪಿಯ ತೊಂದರೆ ಎದುರಾಯಿತು. ನನ್ನ ಹೆಸರಿನಲ್ಲಿ ಒಂದು ಸೊನ್ನೆ ಇದೆ, ಒಂದು ಒತ್ತಕ್ಷರವಿದೆ. ಸೊನ್ನೆಯ ಹೊಟ್ಟೆ ತುಂಬಿ ಕಾಳುಮೆಣಸಿನಂತಾಯಿತು, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿತು. ಯಾವುದನ್ನು ಕಪ್ಪೆಂದು ಎಣಿಸಬೇಕು ಎನ್ನುವ ಬ್ರೈಟ್‌ನೆಸ್ ಮಿತಿಯನ್ನು ಇಳಿಸಿದರೆ ಸೊನ್ನೆ ಬಾಯಿ ಬಿಡುತ್ತದೆ, ಆದರೆ ಕೊನೆಯ ತೆಳುವಾದ ಬಾಲ ತುಂಡಾಗುತ್ತದೆ. ಏರಿಸಿದರೆ ಬಾಲ ಕೂಡುತ್ತದೆ, ಸೊನ್ನೆ ಮುಚ್ಚುತ್ತದೆ. ಸಣ್ಣ ಕಲೆಗಳನ್ನು ಅಳಿಸುವ 'ಸ್ಪೆಕಲ್ಸ್' ಮಿತಿಯನ್ನು ಹೆಚ್ಚಿಸಿದರಂತೂ ಸೊನ್ನೆಯೊಳಗಿನ ಬಿಳಿಯನ್ನೂ ಕಲೆಯೆಂದೇ ತಿಳಿದು ನುಂಗುತ್ತದೆ. ಕೊನೆಗೆ ಮಿತಿಯನ್ನು ಇಳಿಸಿಯೇ ಇಟ್ಟು, ಬಾಲವನ್ನು ಕೈಯಲ್ಲಿ ಜೋಡಿಸಿದೆ. ಮಧ್ಯಾಹ್ನದ ಊಟ ನಾಲ್ಕು ಗಂಟೆಗಾಯಿತು.

ಮೂರನೆಯ ಭಾನುವಾರ

ರಸೀದಿ ಬರೆಯುವ ಲಿಬ್ರೆಆಫೀಸ್ ತಂತ್ರಾಂಶದ ಆಟೊಟೆಕ್ಸ್ಟ್‌ನಲ್ಲಿ ಚಿತ್ರವನ್ನೂ ಇಡಬಹುದು. 'ಸಹಿ' ಎಂದು ಬರೆದು ಎಫ್3 ಒತ್ತಿದರೆ ಸಹಿ ಬಂದು ಕೂರುತ್ತದೆ. 64 ರಸೀದಿಗಳು ಒಂದು ಗಂಟೆಯೊಳಗೆ ಹೋದವು. ಸಂಜೆ ಕುಂದವಾಡ ಕೆರೆಯ ಕಡೆ ಒಂದು ಸುತ್ತು ಹಾಕಿ, ಬರುವಾಗ ಖಾರ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದೆ.

ಮನೆಯಲ್ಲಿ ಮಗಳು ನನ್ನ ರಸೀದಿಯೊಂದನ್ನು ತೆರೆದುಕೊಂಡು ಕುಳಿತಿದ್ದಳು.

"ಅಪ್ಪಾಜಿ, ನಿಮ್ಮ ಸ್ಕೂಟರ್ ಇನ್ನು ನನ್ನದು."

ಪರದೆಯ ಮೇಲೆ ಒಂದು ಪತ್ರ. ಸ್ಕೂಟರನ್ನು ಮಗಳಿಗೆ ಸಂತೋಷದಿಂದ ಬಿಟ್ಟುಕೊಟ್ಟಿರುವುದಾಗಿ ನಾನೇ ಬರೆದಂತಿತ್ತು. ಕೆಳಗೆ ನನ್ನ ಸಹಿ, ಬಾಯಿ ಬಿಟ್ಟ ಸೊನ್ನೆಯ ಸಮೇತ. ರಸೀದಿಯ ಪಿಡಿಎಫ್ ಅನ್ನು ಇಂಕ್‌ಸ್ಕೇಪ್‌ನಲ್ಲೇ ತೆರೆದು ಸಹಿಯನ್ನು ಎತ್ತಿಕೊಂಡಿದ್ದಳು. ಅವಳಿಗೆ ಹಿಡಿದದ್ದು ಐದು ನಿಮಿಷ. ನಾನು ಎಷ್ಟು ನಯವಾಗಿ ಮಾಡಿದ್ದೆನೋ ಅವಳಿಗೂ ಅಷ್ಟೇ ನಯವಾಗಿ ಸಿಕ್ಕಿತ್ತು.

ಹತ್ತಿ ಗಿರಣಿಯ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದಾಗ ಮ್ಯಾನೇಜರ ಸಹಿಯದೊಂದು ರಬ್ಬರ್ ಮೊಹರು ಇತ್ತು. ಅದನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಅವರು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ಈಗ ನಾನು ಅಂಥದ್ದೇ ಮೊಹರನ್ನು ಮಾಡಿ 64 ಮನೆಗೆ ಹಂಚಿದ್ದೆ.

ನಾಲ್ಕನೆಯ ವಾರ, ರಾತ್ರಿಗಳಲ್ಲಿ

ಸಹಿಯ ಚಿತ್ರ ಬೇರೆ, ಡಿಜಿಟಲ್ ಸಹಿ ಬೇರೆ. ಎರಡನೆಯದರಲ್ಲಿ ಇಡೀ ಕಡತವನ್ನು ಅರೆದು ಒಂದು ಸಣ್ಣ ಸಾರಾಂಶ ತೆಗೆಯುತ್ತಾರೆ, ಎಸ್‌ಎಚ್‌ಎ-256 ಎಂಬ ವಿಧಾನವಾದರೆ 256 ಬಿಟ್ಟುಗಳದ್ದು. ಅದನ್ನು ಸಹಿದಾರನ ಬಳಿ ಮಾತ್ರ ಇರುವ ಖಾಸಗಿ ಕೀಲಿಯಿಂದ ಮುದ್ರೆಯೊತ್ತುತ್ತಾರೆ. ಪರೀಕ್ಷಿಸುವವರಿಗೆ ಸಾರ್ವಜನಿಕ ಕೀಲಿ ಸಾಕು. ಮುದ್ರೆ ಆ ಕಡತಕ್ಕೇ ಸೇರಿದ್ದು, ಎತ್ತಿ ಇನ್ನೊಂದಕ್ಕೆ ಅಂಟಿಸಿದರೆ ಲೆಕ್ಕ ಕೂಡುವುದಿಲ್ಲ. ನಾನು ಮತ್ತೆ ಮತ್ತೆ ಬಳಸಬೇಕಾದದ್ದು ಕೀಲಿಯನ್ನು, ಬಳಸುತ್ತಿದ್ದದ್ದು ಚಿತ್ರವನ್ನು.

ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಿಂದ 2048 ಬಿಟ್ಟಿನ ಆರ್‌ಎಸ್‌ಎ ಮಾದರಿಯ ಕೀಲಿ ಮತ್ತು ಅದು ನನ್ನದೇ ಎಂದು ನಾನೇ ನನಗೆ ಕೊಟ್ಟುಕೊಂಡ ಪ್ರಮಾಣಪತ್ರ ಮಾಡಿ, ಎರಡನ್ನೂ ಪಿ12 ಕಡತದಲ್ಲಿ ಕಟ್ಟಿದೆ. ಅದನ್ನು ಫೈರ್‌ಫಾಕ್ಸ್‌ಗೆ ಸೇರಿಸಿದರೆ ಅದೇ ಉಗ್ರಾಣದಿಂದ ಪಿಡಿಎಫ್ ತೆರೆಯುವ ಒಕ್ಯುಲರ್ ತಂತ್ರಾಂಶ ಎತ್ತಿಕೊಳ್ಳುತ್ತದೆ. ಸಹಿ ಮಾಡಿದ ರಸೀದಿಯನ್ನು ಕಡತದ ಒಳಗಿನ ಬೈಟುಗಳನ್ನೇ ತಿದ್ದುವ ಹೆಕ್ಸ್ ಎಡಿಟರಿನಲ್ಲಿ ತೆರೆದು, ಕಡತ ತಯಾರಾದ ದಿನಾಂಕದ ಒಂದು ಅಂಕಿಯನ್ನು ಬದಲಿಸಿದೆ. ಪುಟದ ಮೇಲೆ ಕಾಣದ ಅಂಕಿ ಅದು. ಒಕ್ಯುಲರ್ ಹಿಡಿದುಬಿಟ್ಟಿತು. ಒಬ್ಬನೇ ಚಪ್ಪಾಳೆ ತಟ್ಟಿದೆ.

ಮರುದಿನ ಪಕ್ಕದ ಬೀದಿಯ ಹಿರಿಯರೊಬ್ಬರ ಫೋನು. "ರೀ ಖಜಾಂಚಿಯವರೇ, ನಿಮ್ಮ ಸಹಿಯನ್ನು ನಂಬಲಾಗದು ಎನ್ನುತ್ತಿದೆಯಲ್ಲ ಕಂಪ್ಯೂಟರು?" ಅದು ಹೇಳಿದ್ದು ಸರಿಯೇ. ನನಗೆ ನಾನೇ ಸಾಕ್ಷಿ ಹೇಳಿದರೆ ಯಾರು ಒಪ್ಪುತ್ತಾರೆ?

ಐದನೆಯ ಭಾನುವಾರ

ಕಾನೂನನ್ನೂ ಸ್ವಲ್ಪ ಓದಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ, ಸರ್ಕಾರದ ನಿಯಂತ್ರಕರ ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆ ಕೊಟ್ಟ ಪ್ರಮಾಣಪತ್ರಕ್ಕೆ ಬೆಲೆ. 2021ರ ಜನವರಿಯಿಂದ ಎರಡನೆಯ ವರ್ಗದ ಪ್ರಮಾಣಪತ್ರ ಕೊಡುವುದು ನಿಂತು, ಈಗ ಮೂರನೆಯ ವರ್ಗದ್ದೇ ಎಲ್ಲರಿಗೂ. ಕೀಲಿ ಪೆನ್‌ಡ್ರೈವಿನಂಥ ಯುಎಸ್‌ಬಿ ಟೋಕನ್ನಿನೊಳಗೇ ಹುಟ್ಟುತ್ತದೆ, ಅದನ್ನು ನಕಲು ಮಾಡಿ ಹೊರಗೆ ತೆಗೆಯಲಾಗದು. ಮ್ಯಾನೇಜರ ಬೀರು, ಬೀಗ, ಉಡಿದಾರ ಮೂರೂ ಒಂದರಲ್ಲೇ. ಆಧಾರ್ ಒಟಿಪಿಯ ಇ-ಸೈನ್ ಇನ್ನೊಂದು ದಾರಿ. ಅದರಲ್ಲಿ ಪ್ರತಿ ಸಹಿಗೂ ಹೊಸ ಕೀಲಿ ಹುಟ್ಟಿ, ಕೆಲಸ ಮುಗಿದೊಡನೆ ಅಳಿಯುತ್ತದೆ. ವರ್ಷಕ್ಕೊಮ್ಮೆ ಒಂದು ಕಾಗದಕ್ಕೆ ಸಹಿ ಮಾಡುವವರಿಗೆ ಅದೇ ಲೇಸು. ತಿಂಗಳಿಗೆ 64 ಒಟಿಪಿ ನನ್ನಿಂದಾಗದು.

ಅದೇ ಹಿರಿಯರು ಉಯಿಲನ್ನೂ ಹೀಗೇ ಮಾಡಿಬಿಡಬಹುದೇ ಎಂದು ಕೇಳಿದರು. ಆಗದು, ಉಯಿಲನ್ನು ಕಾಯ್ದೆಯೇ ಹೊರಗಿಟ್ಟಿದೆ. ಅದಕ್ಕೆ ಈಗಲೂ ಪೆನ್ನೇ ಗತಿ.

ಏಳನೆಯ ಭಾನುವಾರ

ಟೋಕನ್ ಬಂತು. ಅದಕ್ಕಾಗಿ ಪ್ಯಾನ್ ಕಾರ್ಡು ಹಿಡಿದು ಕ್ಯಾಮೆರಾದ ಮುಂದೆ ನನ್ನ ಹೆಸರು ಹೇಳಿದ ವಿಡಿಯೊ ನೋಡಿ ಮನೆಯವರೆಲ್ಲ ನಕ್ಕದ್ದಾಯಿತು. ಟೋಕನ್ನಿನ ಡ್ರೈವರ್ ತಂತ್ರಾಂಶ ನನ್ನ ಹಳೆಯ ಲ್ಯಾಪ್‌ಟಾಪಿಗೆ ಒಗ್ಗಲಿಲ್ಲ, ಮಗಳದ್ದಕ್ಕೆ ಒಗ್ಗಿತು. ಹದಿನೇಳನೆಯ ಸಹಿಯ ಚಿತ್ರವನ್ನು ಎಸೆದಿಲ್ಲ, ಮುದ್ರೆಯ ಚೌಕದೊಳಗೆ ಹಿನ್ನೆಲೆಯಾಗಿ ಇಟ್ಟಿದ್ದೇನೆ. ಹೆಚ್ಚಿನವರು ರಸೀದಿಯನ್ನು ಮೊಬೈಲಿನಲ್ಲೇ ತೆರೆಯುತ್ತಾರೆ, ಅಲ್ಲಿ ಬಹುಪಾಲು ತಂತ್ರಾಂಶಗಳು ಮುದ್ರೆಯನ್ನು ಪರೀಕ್ಷಿಸುವುದೇ ಇಲ್ಲ. ಅವರ ಕಣ್ಣಿಗೆ ಬೀಳುವುದು ಚಿತ್ರ ಮಾತ್ರ. ಅನುಮಾನ ಬಂದವರಿಗೆ ಒಳಗಿನ ಮುದ್ರೆ ಇದೆ.

ಉಳಿದಿರುವ ತೊಡಕು ಒಂದೇ. ಒಕ್ಯುಲರ್‌ನಲ್ಲಿ ಒಂದೊಂದು ರಸೀದಿಯನ್ನೂ ತೆರೆದು, ಚೌಕ ಎಳೆದು, ಪಿನ್ ಕೊಡಬೇಕು. ಹನ್ನೆರಡನೆಯ ರಸೀದಿಗೆ ಪಿನ್ ತಪ್ಪಿತು. ಹಲವು ಸಲ ತಪ್ಪಿದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ, ಹಾಗಾಗಿ ಅಲ್ಲಿಗೇ ನಿಲ್ಲಿಸಿದೆ. ಜೆಸೈನ್‌ಪಿಡಿಎಫ್ ಎಂಬ ಉಚಿತ ತಂತ್ರಾಂಶಕ್ಕೆ ಕಡತಗಳ ರಾಶಿಯನ್ನೇ ಒಟ್ಟಿಗೆ ಕೊಡಬಹುದು ಎಂದಳು ಮಗಳು. ಅದು ನಡೆಯಲು ಜಾವಾ ಎಂಬ ಇನ್ನೊಂದು ತಂತ್ರಾಂಶ ಬೇಕು. ಜಾವಾ ಇಳಿಯುತ್ತಿದೆ. 53 ರಸೀದಿಗಳು ಕಾಯುತ್ತಿವೆ.