ಅಪ್ಪನ ಕುಸ್ತಿ, ನನ್ನ ಜಪಾನಿ

ಜಪಾನಿ ಭಾಷೆ ಕಲಿಯಲು ಕೂತ ಕನ್ನಡದವರಿಗೆ ಮೊದಲ ಕೆಲವು ತಿಂಗಳು ವಿಪರೀತ ಧೈರ್ಯ ಬಂದುಬಿಡುತ್ತದೆ. ಕ್ರಿಯಾಪದ ನಮ್ಮ ಹಾಗೇ ಕೊನೆಗೆ ಬರುತ್ತದೆ. ‘ಅನ್ನು’, ‘ಗೆ’, ‘ಅಲ್ಲಿ’ ಥರದ ತುಣುಕುಗಳು ಅಲ್ಲೂ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಯೋಚಿಸುವವರು ತಲೆ ಕೆರೆದುಕೊಳ್ಳುತ್ತಿದ್ದರೆ, ನಾನು ಮನಸ್ಸಲ್ಲೇ ಕನ್ನಡ ವಾಕ್ಯ ಕಟ್ಟಿ, ಪದ ಬದಲಾಯಿಸಿ, ಸರಸರ ಬರೆದು ಮುಗಿಸುತ್ತಿದ್ದೆ. ಜಪಾನಿಯ ಎರಡು ಅಕ್ಷರಮಾಲೆಗಳಲ್ಲಿ ಹಿರಗಾನ 46, ಕತಕಾನ 46 ಅಕ್ಷರ. ಕಾಗುಣಿತ, ಒತ್ತಕ್ಷರ ಎಲ್ಲ ತಿದ್ದಿದವರಿಗೆ ಅದೇನು ಮಹಾ? ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಕೆಳಗಿನ ಹಂತಗಳಾದ ಎನ್5, ಎನ್4 ಎರಡೂ ಇದೇ ಜೋರಿನಲ್ಲಿ ದಾಟಿದವು.

ಎನ್3ಗೆ ಬಂದಾಗ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳು, ಅಡ್ಡ ನಿಂತವು. ಒಂದೇ ಅಕ್ಷರಕ್ಕೆ ಇಲ್ಲೊಂದು ಉಚ್ಚಾರ, ಅಲ್ಲೊಂದು ಉಚ್ಚಾರ. ಜಪಾನ್ ಸರ್ಕಾರ ನಿತ್ಯದ ಬಳಕೆಗೆ ಅಂತ ಮಾಡಿರುವ ಪಟ್ಟಿಯಲ್ಲೇ 2,136 ಕಾಂಜಿಗಳಿವೆ. ಬೆಳಿಗ್ಗೆ ಕಲಿತದ್ದು ಸಂಜೆಗೆ ಮಾಯ. ಎನ್3 ಪಾಸಾದರೆ ಆಫೀಸಿನಲ್ಲಿ ಸಂಬಳದ ಜೊತೆ ಒಂದಿಷ್ಟು ಭತ್ಯೆ ಕೊಡುತ್ತಾರೆ. ಬೇಡ ಅನ್ನೋಕೆ ನನಗೇನು ಹುಚ್ಚೇ? ಆದರೆ ರಾತ್ರಿ ಪಾತ್ರೆ ತೊಳೆದಿಟ್ಟು ಪುಸ್ತಕ ತೆಗೆದರೆ ಭತ್ಯೆ ನೆನಪಾಗುವುದಿಲ್ಲ, ಹಾಸಿಗೆ ನೆನಪಾಗುತ್ತದೆ. ‘ಗುರಿ ಇಟ್ಟುಕೊಳ್ಳಿ, ಗುರಿ ಇಟ್ಟುಕೊಳ್ಳಿ’ ಅಂತ ಎಲ್ಲರೂ ಹೇಳುತ್ತಾರಲ್ಲ, ನನ್ನ ಹತ್ತಿರ ಗುರಿ ಬೇಕಾದಷ್ಟಿತ್ತು. ಉಮೇದೇ ಇರಲಿಲ್ಲ. ಡಿಸೆಂಬರ್ ಪರೀಕ್ಷೆಗೆ ದುಡ್ಡು ಕಟ್ಟಿದ್ದೆ. ಹೋಗುವುದು ಬೇಡ ಅಂತ ಒಳಗೊಳಗೇ ತೀರ್ಮಾನವೂ ಆಗಿತ್ತು.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ಪೈಲ್ವಾನ್. ವಯಸ್ಸಿನಲ್ಲಿ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ಈಗ ಮಂಡಿ ನೋವು. ಆದರೂ ದಸರಾ ಕುಸ್ತಿ ಅಂದರೆ ಜೋಡಿ ಕಟ್ಟುವ ದಿನದಿಂದಲೇ ಹಾಜರು. ಒಂದು ಸಂಜೆ ಕಿವಿಗೆ ಅಭ್ಯಾಸವಾಗಲಿ ಅಂತ ಸುಮ್ನೆ ಫೋನಿನಲ್ಲಿ ಸುಮೋ ಹಾಕಿಕೊಂಡು ಕೂತಿದ್ದೆ. ಅಪ್ಪ ಹಿಂದಿನಿಂದ ಬಗ್ಗಿ ನೋಡಿದರು.

“ಇದೇನಮ್ಮ, ಇಷ್ಟು ದಪ್ಪ ಅವ್ರೆ? ಇವ್ರೇನು ಕುಸ್ತಿ ಆಡ್ತಾರೆ?”

ಅಷ್ಟರಲ್ಲಿ ಒಬ್ಬ ಇನ್ನೊಬ್ಬನ ಸೊಂಟದ ಪಟ್ಟಿಗೆ ಕೈ ಹಾಕಿ ತಿರುಗಿಸಿ ನೆಲಕ್ಕೆ ಕೆಡವಿದ. ಎಲ್ಲ ಸೇರಿ ನಾಲ್ಕೈದು ಸೆಕೆಂಡ್. ಅಪ್ಪ ಕುರ್ಚಿ ಎಳೆದುಕೊಂಡರು. “ಇನ್ನೊಂದ್ಸಲ ಹಾಕು.”

ಅವತ್ತಿನಿಂದ ಪ್ರಶ್ನೆಗಳ ಸುರಿಮಳೆ. ಉಪ್ಪು ಯಾಕೆ ಎರಚುತ್ತಾನೆ? ಚಿತ್ ಆಗಲೇ ಇಲ್ಲವಲ್ಲ, ಹೇಗೆ ಸೋತ? ಆ ನಡುವೆ ನಿಂತವನು ಏನು ಕೂಗುತ್ತಿದ್ದಾನೆ? ಪಾದ ಬಿಟ್ಟು ಮೈಯ ಬೇರೆ ಯಾವ ಭಾಗ ನೆಲ ಮುಟ್ಟಿದರೂ ಸೋಲು, ಅಖಾಡದಿಂದ ಆಚೆ ಕಾಲಿಟ್ಟರೂ ಸೋಲು ಅಂತ ಹೇಳಿದೆ. ಅಲ್ಲಿ ಗೆಲ್ಲುವ ಪಟ್ಟುಗಳು ಅಧಿಕೃತವಾಗಿ 82 ಇವೆ ಅಂದಾಗ ಅಪ್ಪನಿಗೆ ಅಷ್ಟೂ ಬೇಕಾಯಿತು. ಇಂಗ್ಲಿಷ್ ಕಾಮೆಂಟರಿ ಕೂಡ ಸಿಗುತ್ತದೆ. ಬೇಕಂತಲೇ ಹಾಕಲಿಲ್ಲ. ಜಪಾನಿಯಲ್ಲಿ ಕೇಳಿ, ತಡವರಿಸಿ, ಕನ್ನಡದಲ್ಲಿ ಹೇಳುವುದು. ಗೊತ್ತಾಗದಿದ್ದರೆ ವಿಡಿಯೊ ನಿಲ್ಲಿಸಿ ನಿಘಂಟು ನೋಡುವುದು. ‘ಒಶಿದಾಶಿ’ ಅಂದರೆ ತಳ್ಳಿ ಹೊರಗೆ ಹಾಕುವ ಪಟ್ಟು. ಅದರಲ್ಲಿರುವ ತಳ್ಳುವ ಕಾಂಜಿ ಜಪಾನಿನ ಅಂಗಡಿ ಬಾಗಿಲುಗಳ ಮೇಲಿರುತ್ತದೆ, ಹೊರಗೆ ಅನ್ನುವ ಕಾಂಜಿ ರೈಲು ನಿಲ್ದಾಣದಲ್ಲಿ ಹೊರದಾರಿ ತೋರಿಸುವ ಬೋರ್ಡುಗಳಲ್ಲಿ. ಪುಸ್ತಕದಲ್ಲಿ ಎಷ್ಟು ತಿದ್ದಿದರೂ ನಿಲ್ಲದ ಅಕ್ಷರಗಳು, ಒಬ್ಬ ದಢೂತಿ ಮನುಷ್ಯ ಇನ್ನೊಬ್ಬನನ್ನು ಆಚೆ ನೂಕಿದ್ದೇ ತಡ, ತಲೆಯಲ್ಲಿ ಕೂತುಬಿಟ್ಟವು.

ಕೋಪದಿಂದಲೂ ಕಲಿತೆ. ವೃತ್ತಿಪರ ಸುಮೋದ ಅಖಾಡ, ಅಂದರೆ ದೊಹ್ಯೊ, ಅದರ ಮೇಲೆ ಹೆಂಗಸರು ಕಾಲಿಡುವ ಹಾಗಿಲ್ಲ. 2018ರಲ್ಲಿ ಮೈಜುರು ಅನ್ನುವ ಊರಲ್ಲಿ ಮೇಯರ್ ಭಾಷಣ ಮಾಡುತ್ತಾ ದೊಹ್ಯೊ ಮೇಲೇ ಕುಸಿದು ಬಿದ್ದರು. ಓಡಿ ಬಂದು ಪ್ರಥಮ ಚಿಕಿತ್ಸೆ ಕೊಡುತ್ತಿದ್ದ ಹೆಂಗಸರಿಗೆ ಕೆಳಗಿಳಿಯಿರಿ ಅಂತ ಮೈಕಿನಲ್ಲಿ ಹೇಳಿದ್ದರು. ಆ ಸುದ್ದಿಯನ್ನು ಜಪಾನಿಯಲ್ಲೇ ಹುಡುಕಿ ಓದಿದೆ. ಅಷ್ಟು ವೇಗವಾಗಿ ಯಾವ ಪಾಠವನ್ನೂ ಓದಿಲ್ಲ. ಅಪ್ಪನಿಗೆ ಹೇಳಿದರೆ ಏನೂ ಮಾತಾಡಲಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಗರಡಿ ಬಾಗಿಲಲ್ಲೇ ನಿಲ್ಲಿಸಿ ಒಳಗೆ ಹೋಗುತ್ತಿದ್ದುದು ಅವರಿಗೂ ನೆನಪಿರಬೇಕು.

2025ರ ನವೆಂಬರ್ 23, ಭಾನುವಾರ. ಫುಕುವೊಕಾ ಪಂದ್ಯಾವಳಿಯ ಹದಿನೈದನೇ ದಿನ, ಕೊನೆಯ ದಿನ. ಅಲ್ಲಿ ಸಂಜೆ ಆರು ಅಂದರೆ ನಮಗೆ ಮಧ್ಯಾಹ್ನ ಎರಡೂವರೆ. ಅಮ್ಮ ಮುದ್ದೆ, ಕೋಳಿಸಾರು ಬಡಿಸಿ ಮೂರು ಸಲ ಕರೆದಾಗಿತ್ತು. ಯಾರು ಏಳುತ್ತಾರೆ? ಯೊಕೊಜುನಾ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಪೈಲ್ವಾನ್, ಮಂಗೋಲಿಯಾದ ಹೊಶೊರ್ಯೂ. ಅವನೆದುರು ಆವೊನಿಶಿಕಿ. ಉಕ್ರೇನಿನ ಹುಡುಗ, 21 ವರ್ಷ. ಯುದ್ಧ ಶುರುವಾದ ಮೇಲೆ 2022ರಲ್ಲಿ ಜಪಾನಿಗೆ ಬಂದವನು. ಇಬ್ಬರ ಗೆಲುವೂ ಸಮ ಆಗಿದ್ದರಿಂದ ಮತ್ತೊಂದು ಜಿದ್ದಾಜಿದ್ದಿ. ಆವೊನಿಶಿಕಿ ಗೆದ್ದ. ಉಕ್ರೇನಿನವನೊಬ್ಬ ಈ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ಆಮೇಲೆ ಗೆದ್ದವನ ಸಂದರ್ಶನ. ಕ್ಲಾಸಿನ ಸಿ.ಡಿ.ಯ ನಿಧಾನದ ಮಾತಲ್ಲ ಅದು. ಸ್ಟೇಡಿಯಂ ತುಂಬ ಗದ್ದಲ. ಉಕ್ರೇನಿನ ಹುಡುಗ ಮೈಕ್ ಮುಂದೆ ನಿಂತು ನಿರಾಳವಾಗಿ ಜಪಾನಿ ಮಾತಾಡುತ್ತಿದ್ದಾನೆ. ಮೈಸೂರಿನಲ್ಲಿ ಕೂತ ನಾನು ಅದನ್ನು ಕೇಳಿ ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ. ಎಲ್ಲವೂ ಅರ್ಥವಾಯಿತು ಅಂತಲ್ಲ. ಆದರೆ ನಿಘಂಟು ಮುಟ್ಟಲಿಲ್ಲ.

“ಮೂರು ವರ್ಷಕ್ಕೇ ಹಿಂಗೆ ಮಾತಾಡ್ತಾನಾ ಇವ್ನು?” ಅಂದರು ಅಪ್ಪ.

“ಅವ್ನು ಅಲ್ಲೇ ಇದ್ದಾನಪ್ಪ. ಊಟ, ನಿದ್ದೆ, ಸಾಮು ಎಲ್ಲಾ ಅವ್ರ ಜೊತೇಲೇ.”

“ಗರಡಿ ಮಾತು ಕಣಮ್ಮ ಅದು. ಒದೆ ತಿಂದ್ರೆ ಬೇಗ ಬರ್ತದೆ.”

ಮುದ್ದೆ ಕಲ್ಲಾಗಿತ್ತು. ಅಮ್ಮ ಬೈದದ್ದು ಮಾತ್ರ ಶುದ್ಧ ಕನ್ನಡದಲ್ಲಿ.

ಡಿಸೆಂಬರ್ 7ಕ್ಕೆ ಪರೀಕ್ಷೆಗೆ ಹೋದೆ. ಕೇಳುವ ಭಾಗ ಚೆನ್ನಾಗಿ ಆಯಿತು. ಓದುವ ಭಾಗದಲ್ಲಿ ಸಮಯ ಸಾಲಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಪ್ಪನ ಹೊಸ ಪ್ರಶ್ನೆ ಕಾದಿತ್ತು. ಸುಮೋದವರು ಮಟ್ಟಿಗೆ, ಅಂದರೆ ಅಖಾಡದ ಮಣ್ಣಿಗೆ, ಏನೇನು ಹಾಕುತ್ತಾರೆ?

ರಾತ್ರಿ ಹುಡುಕಿ ಓದಿದೆ. ಪ್ರತಿ ಪಂದ್ಯಾವಳಿಗೂ ದೊಹ್ಯೊವನ್ನು ಜೇಡಿಮಣ್ಣಿನಲ್ಲಿ ಹೊಸದಾಗಿ ಕಟ್ಟುತ್ತಾರೆ. ಪೈಲ್ವಾನರ ಹೆಸರು ಕೂಗಿ ಕರೆಯುವವರೇ ಕೈಯಾರೆ ಕಟ್ಟುವುದು. ಪೂಜೆ ಮಾಡಿ ನಟ್ಟನಡುವೆ ಉಪ್ಪು, ತೊಳೆದ ಅಕ್ಕಿ, ಕಡಲ ಪಾಚಿ, ಒಣಗಿಸಿದ ಸ್ಕ್ವಿಡ್, ಚೆಸ್ಟ್‌ನಟ್, ಕಾಯಾ ಅನ್ನುವ ಮರದ ಬೀಜ ಹೂಳುತ್ತಾರೆ.

ಪೂಜೆ ಅಂದದ್ದಕ್ಕೆ ಅಪ್ಪ ತಲೆದೂಗಿದರು. ಆಮೇಲೆ ಅನುಮಾನ ಬಂತು. “ಎಣ್ಣೆ? ಅರಿಶಿನ?”

“ಇದ್ರಲ್ಲಿ ಬರೆದಿಲ್ಲ.”

“ಎಣ್ಣೆ ಹಾಕ್ದೆ ಅದೆಂಥ ಮಟ್ಟಿ? ನೀನು ಸರಿಯಾಗಿ ಓದಿಲ್ಲ. ಬೇರೆ ಎಲ್ಲಾದ್ರೂ ಇರುತ್ತೆ, ನೋಡು.”

ಬೇರೆ ಕಡೆ ಹುಡುಕುತ್ತಿದ್ದೇನೆ.