ಹಸ್ತ ಬಹಾರ: ದಾಳಿಂಬೆಗೆ ನೀರು ನಿಲ್ಲಿಸಿದ ಮೇಲೆ ಮಳೆ ಬಂದರೆ

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕಡೆ ದಾಳಿಂಬೆಗೆ ಮೂರು ಬಹಾರ, ಅಂದರೆ ಹೂ ಬಿಡಿಸಿ ಬೆಳೆ ತೆಗೆಯುವ ಹಂಗಾಮು. ಜನವರಿ–ಫೆಬ್ರವರಿಗೆ ಹೂ ಬಿಡುವುದು ಅಂಬೆ, ಜೂನ್–ಜುಲೈಗೆ ಮೃಗ, ಸೆಪ್ಟೆಂಬರ್–ಅಕ್ಟೋಬರಿಗೆ ಹಸ್ತ. ತೇಲ್ಯಾ, ಅಂದರೆ ದುಂಡಾಣು ಅಂಗಮಾರಿ, ಒಮ್ಮೆ ಹೊಕ್ಕ ತೋಟಕ್ಕೆ ಹಸ್ತವೇ ಸರಿ. ಕಾಯಿ ಬಲಿಯುವುದು ಚಳಿಗಾಲದ ಒಣ ಹವೆಯಲ್ಲಿ. ಅಂಬೆಯ ಕಾಯಿ ಏಪ್ರಿಲ್ ಬಿಸಿಲಿಗೆ ಸುಟ್ಟು, ಉಳಿದದ್ದು ಜೂನ್ ಮಳೆಯಲ್ಲಿ ತೇಲ್ಯಾಕ್ಕೆ ಸಿಗುತ್ತದೆ.

ಹಸ್ತದ ತೊಡಕೆಲ್ಲ ನೆಲದ ಹಸಿಯಲ್ಲಿದೆ. ಹೂ ಒಟ್ಟಿಗೆ ಬರಬೇಕಾದರೆ ಗಿಡ ಮೊದಲು ಬಾಯಾರಬೇಕು. ಗರಸು, ಅಂದರೆ ಕಲ್ಲುಮಿಶ್ರಿತ ಹಗುರ ನೆಲದಲ್ಲಿ ನಾಲ್ಕೈದು ವಾರ ನೀರು ನಿಲ್ಲಿಸಿದರೆ ಸಾಕು, ಕಪ್ಪು ಎರೆ ನೆಲಕ್ಕೆ ಆರರಿಂದ ಎಂಟು ವಾರ ಬೇಕು. ಅಷ್ಟರೊಳಗೆ ಒಂದು ಜೋರು ಮಳೆ ಬಿದ್ದರೆ ಗಿಡ ಹೂವಿನ ಬದಲು ಚಿಗುರು ಹಾಕುತ್ತದೆ. ಈಗೀಗ ಮಳೆ ದಿನ ತಪ್ಪಿ ಒಂದೇ ಸಂಜೆ ಸುರಿದು ಹೋಗುತ್ತದೆ. ಆದ್ದರಿಂದ ಎರೆಯಲ್ಲಿ ಏರುಮಡಿ ಇಲ್ಲದೆ ಹಸ್ತ ಹಿಡಿಯಲೇಬಾರದು. ಮಡಿ ಒಂದೂವರೆಯಿಂದ ಎರಡು ಅಡಿ ಎತ್ತರ, ಮೂರ್ನಾಲ್ಕು ಅಡಿ ಅಗಲ ಇರಲಿ. ಸಾಲುಗಳ ನಡುವಿನ ಕಾಲುವೆಯ ನೀರು ಹೊಲ ದಾಟಿ ಹೋಗಬೇಕು, ಬದುವಿಗೆ ಬಂದು ನಿಲ್ಲಬಾರದು.

ಎಲೆ ಉದುರಿಸುವ ಔಷಧಿ ಎಥ್ರೆಲ್ ಹೊಡೆಯುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತು ಮಾಡಬೇಡಿ. ಬುಡದಿಂದ ಒಂದು ಅಡಿ ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ. ಉಂಡೆ ಕಟ್ಟಿದರೆ ಇನ್ನೂ ಕಾಯಬೇಕು. ಉದುರಿದರೆ, ಎಲೆಯೂ ಹಳದಿಗೆ ತಿರುಗಿ ಕೊಂಬೆ ಅಲುಗಿಸಿದಾಗ ಕೆಲವು ಕಳಚಿ ಬಿದ್ದರೆ, ಗಿಡ ಸಿದ್ಧ. ಲೀಟರ್ ನೀರಿಗೆ 1ರಿಂದ 2 ಮಿ.ಲೀ. ಎಥ್ರೆಲ್, 5 ಗ್ರಾಂ ಡಿಎಪಿ ಗೊಬ್ಬರ. ಎಲೆ ಹಸಿರಿದ್ದಾಗಲೇ ಅವಸರಪಟ್ಟು ಪ್ರಮಾಣ ಏರಿಸಿದರೆ ಟೊಂಗೆಯ ತುದಿ ಒಣಗುತ್ತದೆ. ಆ ನಷ್ಟ ಮುಂದಿನ ಬಹಾರಕ್ಕೂ ತಟ್ಟುತ್ತದೆ.

ಚಾಟನಿಯಲ್ಲಿ, ಅಂದರೆ ಟೊಂಗೆ ಸವರುವಾಗ, ತೇಲ್ಯಾದ ಕಪ್ಪು ಕಲೆಯಿಂದ ಎರಡು ಇಂಚು ಕೆಳಗೆ ಕತ್ತರಿಸಿ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಿ, ಗಾಯಕ್ಕೆ ಶೇ. 10ರ ಬೋರ್ಡೋ (ಮೈಲುತುತ್ತ, ಸುಣ್ಣದ ಮಿಶ್ರಣ) ಮುಲಾಮು ಹಚ್ಚಿ. ಕಡಿದ ಟೊಂಗೆ, ಉದುರಿದ ಎಲೆ ಬೆಂಕಿಗೇ ಹೋಗಬೇಕು. ಬದುವಿನ ಮೇಲೆ ಗುಡ್ಡೆ ಹಾಕಿದರೆ ರೋಗ ಅಲ್ಲೇ ಉಳಿಯುತ್ತದೆ. ಎಲೆ ಉದುರಿದ ಮೇಲೆ ಶೇ. 1ರ ಬೋರ್ಡೋ ಸಿಂಪರಣೆ: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸಿ. ಹೊಳೆಯುವ ಚಾಕು ಅದ್ದಿ ತೆಗೆದಾಗ ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಅಂದೇ ಹೊಡೆದು ಮುಗಿಸಿ.

ಕಾಯಿ ಸೀಳುವುದಕ್ಕೆ ಬೋರಾನ್ ಕೊರತೆ ಒಂದು ಕಾರಣ, ಅದಕ್ಕೆ ಬೋರಾಕ್ಸ್ ಲೀಟರಿಗೆ 2 ಗ್ರಾಂ. ಆದರೆ ಹೆಚ್ಚಿನ ಕಾಯಿ ಸೀಳುವುದು ನೀರಿನ ಏರುಪೇರಿಗೆ. ವಾರಗಟ್ಟಲೆ ಒಣಗಿ ಬಿಗಿದ ಸಿಪ್ಪೆಯೊಳಗೆ ಕಾಳು ಒಮ್ಮೆಲೆ ನೀರು ಕುಡಿದು ಉಬ್ಬುತ್ತದೆ, ಸಿಪ್ಪೆ ಹಿಗ್ಗುವುದಿಲ್ಲ. ಕೃಷಿ ಹೊಂಡದಲ್ಲಿ ನೀರು ಕಡಿಮೆಯಿದ್ದರೆ ಕಾಯಿ ಸಣ್ಣವಿರುವಾಗಲೇ ಕಿತ್ತು ಎಣಿಕೆ ಇಳಿಸಿ, ಬುಡಕ್ಕೆ ಕಬ್ಬಿನ ರವದಿ (ಒಣ ಎಲೆ) ಮುಚ್ಚಿ, ಡ್ರಿಪ್ಪಿನಲ್ಲಿ ದಿನಾ ಸ್ವಲ್ಪ ಸ್ವಲ್ಪವೇ ಕೊಡಿ. ಕೊಯ್ಲಾದ ಮೇಲೆ ಮೂರ್ನಾಲ್ಕು ತಿಂಗಳು ಗಿಡವನ್ನು ಸುಮ್ಮನೆ ಬಿಡಿ. ದರ ಎಷ್ಟೇ ಇರಲಿ, ಆ ಅವಧಿಯಲ್ಲಿ ಇನ್ನೊಂದು ಬಹಾರ ಬೇಡ.